ಕೊನೆಯ ಕಿಕ್ಕಿಗೆ ಅಡ್ಡಬಂದ ಪೇಸ್ಟಿ

ಹೆಡ್ಲಿ: ಕೂಗಿದ್ದು ನೀನೇ ತಾನೇ? ಮೊದಲು ಅದನ್ನ ಒಪ್ಕೋ.

ಲವ್‌ಡೇ: ನಾನೇ. ಇಪ್ಪತ್ತಾರು ವರ್ಷದಿಂದ ಈ ಕಿಟಕೀಲಿ ಕೂಗ್ತಾ ಇರೋದು ನಾನೇ. ಇನ್ಯಾರು, ಕಡಲ ಹಕ್ಕಿ ಬಂದು ಪೇಸ್ಟಿ ಮಾರುತ್ತಾ?

ಹೆಡ್ಲಿ: ಆದ್ರೆ ಆ ಹೊತ್ತಲ್ಲಾ ಕೂಗೋದು? ಮೈದಾನಕ್ಕೆ ಮೈದಾನವೇ ಉಸಿರು ಬಿಗಿಹಿಡಿದು ನಿಂತಿದೆ. ಸೂಜಿ ಬಿದ್ರೆ ಕೇಳ್ಬೇಕು, ಅಂಥಾ ಮೌನ. ಆಗ ಬಂತು ನಿನ್ನ ಗಂಟಲು! ‘ಕೊನೇ ಎರಡು ಪೇಸ್ಟೀ! ಬಿಸಿ ಬಿಸೀ! ಬೇಕಾದೋರು ಬನ್ರೀ!’

ಲವ್‌ಡೇ: ಬಿಸಿ ಬಿಸಿ ಅಂತ ನಾನು ಅನ್ನಲಿಲ್ಲ. ಆಗಲೇ ಆರಿ ಹೋಗಿದ್ವು. ಸುಳ್ಳು ಹೇಳಿ ವ್ಯಾಪಾರ ಮಾಡೋಳಲ್ಲ ನಾನು.

ಹೆಡ್ಲಿ: ನಾನೇನು ಹೇಳ್ತಿದೀನಿ, ನೀನೇನು ಹೇಳ್ತಿದೀಯ!

ನಾನು: ಲವ್‌ಡೇ, ನನ್ನ ಟೀ...

ಇಬ್ಬರೂ (ಒಟ್ಟಿಗೆ): ಸುಮ್ನಿರು ಪ್ಯಾಸ್ಕೋ!

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಈ ಗಂಡ ಹೆಂಡಿರಿಗೆ ಕೂಸಿಲ್ಲ, ಹಾಗಾಗಿ ಬಡವಾದದ್ದು ನನ್ನ ಟೀ. ಆಟದ ನಡುವಿನ ವಿರಾಮದಲ್ಲಿ ಹೇಳಿಹೋಗಿದ್ದೆ. ಈಗ ಆಟ ಮುಗಿದು, ಜನವೆಲ್ಲ ಕ್ಲಬ್ಬಿನ ಬಾರಿಗೆ ನುಗ್ಗಿ ಹಾಡುತ್ತಿದ್ದರೂ ಅದು ಹಂಡೆಯಲ್ಲೇ ಕುದಿಯುತ್ತಿತ್ತು.

ಹಾಡುವುದಕ್ಕೆ ಕಾರಣವೂ ಇತ್ತೆನ್ನಿ. ನಮ್ಮ ಟ್ರೆವಾನಿಕ್ ರಗ್ಬಿ ತಂಡ ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತದೆ. ಮೊದಲ ದರ್ಜೆಯವರು ನಮ್ಮನ್ನು ತಿರುಗಿ ನೋಡುವುದಿಲ್ಲ, ಮೂರನೇ ದರ್ಜೆಯವರನ್ನು ನಾವು ತಿರುಗಿ ನೋಡುವುದಿಲ್ಲ. ನಡುವೆ ತ್ರಿಶಂಕುವಿನ ಹಾಗೆ ನೇತಾಡುವುದಕ್ಕೇ ಇಷ್ಟು ಜಂಬ. ಇವತ್ತು ಆಟದ ಋತುವಿನ ಕಡೆಯ ಪಂದ್ಯ. ಸೋತಿದ್ದರೆ ಆ ಮೂರನೇ ದರ್ಜೆಯವರ ಜೊತೆಗೇ ಪಂಕ್ತಿಯಲ್ಲಿ ಕೂರಬೇಕಿತ್ತು. ಎರಡೇ ಎರಡು ಅಂಕದಿಂದ ಮುಂದಿದ್ದೆವು. ಕೊನೆಯ ನಿಮಿಷದಲ್ಲಿ ನಮ್ಮ ಹುಡುಗನೊಬ್ಬ ಬೇಡದ ಕಡೆ ಕೈ ಹಾಕಿ, ಯಾರ್ಕ್‌ಷೈರಿನಿಂದ ಬಂದ ತಂಡಕ್ಕೆ ಪೆನಾಲ್ಟಿ ಕಿಕ್ ದಾನ ಮಾಡಿದ. ಅದೂ ಗೋಲು ಕಂಬಗಳ ನೇರಕ್ಕೆ, ಎದುರಿಗೇ. ಚೆಂಡು ಅವುಗಳ ನಡುವೆ ಹೋದರೆ ಅವರಿಗೆ ಮೂರು ಅಂಕ, ನಮ್ಮ ಕಥೆ ಮುಗಿದಂತೆ. ನನ್ನ ಅಜ್ಜಿ ಮನೆಚಪ್ಪಲಿ ಹಾಕಿಕೊಂಡು ಒದ್ದಿದ್ದರೂ ಚೆಂಡು ಒಳಗೆ ಹೋಗುತ್ತಿತ್ತು. ಆ ಹುಡುಗ ಒದ್ದದ್ದು ಮಾತ್ರ ಕಂಬ ಬಿಟ್ಟು, ಬೇಲಿ ಬಿಟ್ಟು, ಪಕ್ಕದ ಹೊಲದ ಹಸುಗಳ ಮಧ್ಯೆ ಹೋಗಿ ಬಿತ್ತು. ಹೀಗೆ ನಾವು ಉಳಿದೆವು.

ಈಗ ಹೆಡ್ಲಿಯ ವಿಷಯ ಹೇಳದೆ ವಿಧಿಯಿಲ್ಲ. ರಗ್ಬಿಯಲ್ಲಿ ಒಂದು ಸಂಪ್ರದಾಯ. ಯಾರೇ ಕಂಬದತ್ತ ಕಿಕ್ ಒದೆಯಲಿ, ನಮ್ಮವನಾಗಲಿ ಎದುರಾಳಿಯಾಗಲಿ, ನೋಡುವವರು ತುಟಿ ಪಿಟಕ್ ಎನ್ನಬಾರದು. ಟ್ರೆವಾನಿಕ್ಕಿನಲ್ಲಿ ಆ ಮೌನಕ್ಕೆ ಹೆಡ್ಲಿಯೇ ಕಾವಲುಗಾರ. ಯಾರೂ ನೇಮಿಸಿದ್ದಲ್ಲ, ತಾನೇ ನೇಮಿಸಿಕೊಂಡದ್ದು. ತೋಳಿಗೊಂದು ಹಳದಿ ಪಟ್ಟಿ, ಕೈಯಲ್ಲಿ ‘ಸದ್ದು ಮಾಡಬೇಡಿ’ ಎಂಬ ಹಲಗೆ. ಇಷ್ಟು ಹೊತ್ತುಕೊಂಡು ಕಂಬಗಳ ಹಿಂದೆ ನಿಂತನೆಂದರೆ ರಾಜ್ಯಭಾರವೇ ಅವನ ಹೆಗಲ ಮೇಲೆ. ಈಗ ಮೈದಾನದಿಂದ ಸುತ್ತಿಕೊಂಡು, ಗೇಟು ದಾಟಿ, ಹೆಂಡತಿ ಟೀ, ಮಾಂಸದ ಕಡುಬಿನಂಥ ಪೇಸ್ಟಿ ಮಾರುವ ಗೂಡಿನ ಮುಂದೆ ಅದೇ ಹಲಗೆ ಊರಿಕೊಂಡು ನಿಂತಿದ್ದ.

ಹೆಡ್ಲಿ: ಆರು ಗಂಟೆಗೆ ಅತಿಥಿ ತಂಡಕ್ಕೆ ಊಟ. ಅಲ್ಲಿ ನೀನು ಎದ್ದು ನಿಂತು, ಎಲ್ಲರ ಎದುರಿಗೆ ಕ್ಷಮೆ ಕೇಳ್ಬೇಕು.

ಲವ್‌ಡೇ: ಊಟಕ್ಕೆ ಬಡಿಸೋಳೂ ನಾನೇ. ಸೌಟು ಹಿಡ್ಕೊಂಡು ಕೇಳ್ಲಾ, ಕೆಳಗಿಟ್ಟು ಕೇಳ್ಲಾ?

ಹೆಡ್ಲಿ: ತಮಾಷೆ ಬೇಡ. ಕ್ಷಮೆ ಕೇಳಿದ ಮೇಲೆ, ಬರೋ ಋತು ಪೂರ್ತಿ ಮೈದಾನಕ್ಕೆ ಕಾಲಿಡೋ ಹಾಗಿಲ್ಲ. ಇದು ಕ್ಲಬ್ಬಿನ ಕಾನೂನು.

ಲವ್‌ಡೇ: ಕ್ಲಬ್ಬಿನ ಕಾನೂನಲ್ಲ, ನಿನ್ನ ಕಾನೂನು. ಅಕ್ಟೋಬರಲ್ಲಿ ಪಾಪ ಆ ಪಾದ್ರಿಗಳು ಒಂದು ಸೀನು ಸೀನಿದ್ದಕ್ಕೆ ಸಭೆ ಕರೆಸಿ, ಮೇಜು ಕುಟ್ಟಿ ಮಾಡಿಸಿದ ಕಾನೂನು.

ಹೆಡ್ಲಿ: ಒಂದಲ್ಲ, ಸಾಲಾಗಿ ಮೂರು ಸೀನು! ನಮ್ಮೋನು ಒದೆಯೋಕೆ ಕಾಲೆತ್ತಿದ್ದ.

ಲವ್‌ಡೇ: ಪಾದ್ರಿಗಳು ಸೀನದೇ ಇದ್ದಾಗ ನಮ್ಮೋನು ಏನು ಒಳಗೆ ಹಾಕ್ತಿದ್ನಾ? ಅವನು ಒದ್ರೆ ಹಕ್ಕಿಗಳಿಗೇ ಭಯ.

ಹೆಡ್ಲಿ: ಪಾದ್ರಿಗಳು ದೊಡ್ಡ ಮನುಷ್ಯರು, ಎದ್ದು ನಿಂತು ಕ್ಷಮೆ ಕೇಳಿದ್ರು. ಆವತ್ತಿಂದ ಮೈದಾನಕ್ಕೆ ಕಾಲಿಟ್ಟಿಲ್ಲ.

ಲವ್‌ಡೇ: ಮೈದಾನಕ್ಕೆ ಇಟ್ಟಿಲ್ಲ. ಪ್ರತಿ ಶನಿವಾರ ಇಲ್ಲಿ ಬಂದು ನಿಲ್ತಾರೆ. ಇದು ಗೇಟಿಂದಾಚೆ, ಕಾರು ನಿಲ್ಸೋ ಜಾಗ. ನಿನ್ನ ಹಲಗೆ ಇಲ್ಲಿ ನಡೆಯಲ್ಲ. ಪೇಸ್ಟಿ ತಿಂತಾರೆ, ಮನಸಾರೆ ಸೀನ್ತಾರೆ, ಹೋಗ್ತಾರೆ.

ಹೆಡ್ಲಿ: ಏನು! ನೀನು ಅವರಿಗೆ ಪೇಸ್ಟಿ ಕೊಡ್ತಿದೀಯಾ?

ಲವ್‌ಡೇ: ಕೊಡದೇ? ದೇವರ ಮನುಷ್ಯ. ನಿನ್ನ ತಂಡಕ್ಕೆ ಇರೋ ಗತಿ ಆ ದೇವರೊಬ್ಬನೇ.

ಹೆಡ್ಲಿ ಹಲಗೆಯನ್ನು ಗೋಡೆಗೆ ಒರಗಿಸಿ ಗೂಡಿನ ಅಂಚಿಗೆ ಕೈಯೂರಿದ. ಬಾರಿನೊಳಗಿಂದ ಜೋರಾಗಿ ಒಂದು ಕೂಗು ಕೇಳಿತು, ‘ಲವ್‌ಡೇ ಹೆಸರಲ್ಲಿ ಇನ್ನೊಂದು ಲೋಟ!’ ಅಂತ. ಹೆಡ್ಲಿಯ ಕಿವಿ ಕೆಂಪಾಯಿತು.

ಹೆಡ್ಲಿ: ಕೇಳಿಸ್ತಾ? ನಿನ್ನ ಹೆಸರಲ್ಲಿ ಕುಡೀತಿದಾರೆ! ಪೇಸ್ಟಿ ಕೂಗಿ ಪಂದ್ಯ ಗೆಲ್ಲಿಸಿದಳು ಅಂತ. ಮೂರು ತಲೆಮಾರು ನಮ್ಮೋರು ಈ ಮೈದಾನದಲ್ಲಿ ಮರ್ಯಾದೆಯಿಂದ ಸೋತಿದಾರೆ. ಈಗ ಅವಮರ್ಯಾದೆಯಿಂದ ಗೆದ್ದ ಹಾಗಾಯ್ತು.

ಲವ್‌ಡೇ: ಸೋಲೋದ್ರಲ್ಲಿ ನಿಮಗಿರೋ ಅನುಭವ ಯಾರಿಗೂ ಇಲ್ಲ ಬಿಡು. ಅದರಲ್ಲಿ ಮರ್ಯಾದೆ ಎಲ್ಲಿಟ್ಟಿದ್ರಿ ಅಂತ ನನಗಂತೂ ಕಾಣಲಿಲ್ಲ.

ಹೆಡ್ಲಿ: ಶ್ಶ್! ಮೆಲ್ಲಗೆ. ಒಳಗಿರೋರಿಗೆ ಕೇಳುತ್ತೆ.

ಲವ್‌ಡೇ: ಕೇಳಲಿ. ನನಗೆ ಶ್ ಅನ್ಬೇಡ. ಮಲಗೋ ಕೋಣೇಲೂ ಇದೇ, ಊಟದ ಮನೇಲೂ ಇದೇ. ಬೆಕ್ಕು ಕೂಡ ನಿನ್ನ ಕಂಡ್ರೆ ಉಗುರು ಒಳಗೆ ಎಳ್ಕೊಂಡು ನಡೆಯುತ್ತೆ.

ನಾನು: ನೋಡು ಹೆಡ್ಲಿ, ಅವಳಿಗೇನು ಗೊತ್ತಿತ್ತು ಆಗ ಕಿಕ್ ನಡೀತಿದೆ ಅಂತ? ಈ ಕಿಟಕಿಯಿಂದ ಮೈದಾನ ಕಾಣಬೇಕಲ್ಲ?

ಹೇಳಬಾರದ ಮಾತು ಹೇಳಿಬಿಟ್ಟೆ. ಲವ್‌ಡೇ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡಳು. ಈ ಕಿಟಕಿಯ ಸುದ್ದಿ ಎತ್ತಿದರೆ ಆ ಮನೆಯಲ್ಲಿ ಎರಡು ದಿನ ಒಲೆ ಹತ್ತುವುದಿಲ್ಲ ಅಂತ ಊರಿಗೆಲ್ಲ ಗೊತ್ತು.

ಲವ್‌ಡೇ: ಹಾಂ, ಕೇಳು ಪ್ಯಾಸ್ಕೋ, ಚೆನ್ನಾಗಿ ಕೇಳು. ಈ ಗೂಡು ಕಟ್ಟಿಸುವಾಗ ಮುಂದೆ ನಿಂತು ಯಜಮಾನಿಕೆ ಮಾಡಿದ್ದು ಯಾರು? ನಕ್ಷೇನ ತಲೆಕೆಳಗಾಗಿ ಹಿಡ್ಕೊಂಡು, ‘ಕಿಟಕಿ ಇಲ್ಲಿಗೆ ಬರಲಿ’ ಅಂದಿದ್ದು ಯಾರು?

ಹೆಡ್ಲಿ: ನಕ್ಷೆ ಬರೆದೋನು ಉತ್ತರ ಯಾವ ಕಡೆ ಅಂತ ಹಾಕಿರಲಿಲ್ಲ.

ಲವ್‌ಡೇ: ಮುಗಿಲೆತ್ತರದ ಕಂಬಗಳು ಯಾವ ಕಡೆ ಇವೆ ಅಂತ ಕಣ್ಣಿಗೆ ಕಾಣ್ತಿರಲಿಲ್ವಾ? ಇಪ್ಪತ್ತಾರು ವರ್ಷ! ಗಂಡ ರಗ್ಬಿ ಹುಚ್ಚ, ಕ್ಲಬ್ಬಿಗೆ ಅನ್ನ ಹಾಕೋಳು ನಾನು. ಇಷ್ಟು ವರ್ಷದಲ್ಲಿ ನಾನು ಒಂದು ಪಂದ್ಯ ನೋಡಿಲ್ಲ. ನೋಡಿರೋದು ಡಾಕ್ಟರ ಕಾರಿನ ಹಿಂಭಾಗ. ಅವರು ನಾಲ್ಕು ಕಾರು ಬದಲಾಯಿಸಿದ್ರು, ಅದೇ ನನಗಿದ್ದ ಮನರಂಜನೆ.

ಹೆಡ್ಲಿ: ಕಣ್ಣಿಗೆ ಕಾಣದಿದ್ರೆ ಏನಾಯ್ತು, ಕಿವಿ ಇಲ್ವಾ?

ಲವ್‌ಡೇ: ಕಿವಿ ಇರೋದಕ್ಕೇ ಈ ಪಾಡು. ನಿಮ್ಮ ಆಟ ಪೂರ್ತಿ ನನಗೆ ಕಿವಿಯಲ್ಲೇ ಗೊತ್ತಾಗುತ್ತೆ. ಜನ ‘ಅಯ್ಯೋ’ ಅಂದ್ರೆ ಚೆಂಡು ನಮ್ಮೋರ ಕೈಗೆ ಬಂತು ಅಂತ. ‘ಥೂ’ ಅಂದ್ರೆ ಕೈಜಾರಿ ಬಿತ್ತು ಅಂತ. ಚಪ್ಪಾಳೆ ಕೇಳಿಸ್ತು ಅಂದ್ರೆ ಎದುರಾಳಿ ಅಂಕ ಗಳಿಸಿದ ಅಂತ, ನಮ್ಮ ಜನ ಸಭ್ಯಸ್ಥರಲ್ವಾ! ಏನೂ ಸದ್ದಿಲ್ಲ ಅಂದ್ರೆ ಆಟ ಮುಗೀತು, ಎಲ್ಲಾ ಹೊಟ್ಟೆ ಉರ್ಕೊಂಡು ಮನೆಗೆ ಹೊರಟ್ರು ಅಂತ. ಅದಕ್ಕೇ ಕೂಗಿದೆ.

ಹೆಡ್ಲಿ: ಸದ್ದಿಲ್ಲ ಅಂದ್ರೆ ಕಿಕ್! ಅಷ್ಟೂ ಗೊತ್ತಾಗಲ್ವಾ?

ಲವ್‌ಡೇ: ನವೆಂಬರ್ ಪೂರ್ತಿ ಸದ್ದಿರಲಿಲ್ಲ. ಆ ತಿಂಗಳು ಪೂರ್ತಿ ಯಾರು ಕಿಕ್ ಒದೀತಿದ್ರು?

ನನಗೆ ನಗು ತಡೆಯಲಾಗಲಿಲ್ಲ. ಹೆಡ್ಲಿ ನನ್ನತ್ತ ಒಂದು ನೋಟ ಬಿಟ್ಟ. ನಗುವುದಕ್ಕೂ ಕಾನೂನು ಮಾಡಿಸಿಬಿಟ್ಟಾನು ಎಂದು ಕೆಮ್ಮಿನ ಹಾಗೆ ಮಾಡಿಕೊಂಡೆ.

ಹೆಡ್ಲಿ: ಈ ಋತು ಸ್ವಲ್ಪ ಕಷ್ಟ ಆಯ್ತು, ಒಪ್ತೀನಿ. ಸೆಪ್ಟೆಂಬರಲ್ಲಿ ನೆಲ ತುಂಬ ಗಟ್ಟಿ ಇತ್ತು...

ಲವ್‌ಡೇ: ಅಕ್ಟೋಬರಲ್ಲಿ ತುಂಬ ಮೆತ್ತಗಿತ್ತು. ಡಿಸೆಂಬರಲ್ಲಿ ಸಮುದ್ರದ ಗಾಳಿ ಎಡಗಡೆಯಿಂದ ಬೀಸ್ತು. ಜನವರೀಲಿ ಅದೇ ಗಾಳಿ ಬೀಸಲೇ ಇಲ್ಲ, ಅದಕ್ಕೂ ನಿಮ್ಮೋರು ಸೋತ್ರು. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ.

ಹೆಡ್ಲಿ: ನಾಲ್ಕು ಪಂದ್ಯ ಗೆದ್ದಿದೀವಿ!

ಲವ್‌ಡೇ: ಅದರಲ್ಲೊಂದು, ಅವರ ಬಸ್ಸು ದಾರೀಲಿ ಕೆಟ್ಟು ನಿಂತಿದ್ದಕ್ಕೆ.

ಹೆಡ್ಲಿ: ಅದೂ ಗೆಲುವೇ. ನಾವು ಬಂದಿದ್ವಿ, ಅವರು ಬರಲಿಲ್ಲ.

ಲವ್‌ಡೇ: ನಿಮ್ಮ ಮೈದಾನಕ್ಕೆ ನೀವೇ ಬಂದಿದ್ದು ಒಂದು ಸಾಧನೆ! ಹಾಕಿಸ್ಕೊಳ್ರಪ್ಪಾ ಹಾರ. ಇನ್ನೊಂದರಲ್ಲಿ ಮಂಜು ಕವಿದು, ರೆಫರಿಗೆ ಯಾರು ಯಾರಂತಾನೇ ಗೊತ್ತಾಗಲಿಲ್ಲ. ಮೂರನೇದು ಇವತ್ತಿಂದು, ನನ್ನ ಪೇಸ್ಟಿ ಗೆದ್ದಿದ್ದು ಅಂತ ನೀನೇ ಹೇಳ್ತಿದೀಯ. ಹಾಗಾದ್ರೆ ನಿನ್ನ ತಂಡ ಗೆದ್ದಿದ್ದು ಒಂದು.

ಹೆಡ್ಲಿ: ಆ ಒಂದು ಚೆನ್ನಾಗಿತ್ತು.

ಲವ್‌ಡೇ: ಇದ್ದಿರ್ಬಹುದು. ಆವತ್ತು ನಾನು ಹಲ್ಲು ಕೀಳಿಸೋಕೆ ಹೋಗಿದ್ದೆ.

ಹೆಡ್ಲಿ ತೋಳಿನ ಹಳದಿ ಪಟ್ಟಿಯನ್ನು ನೇರ ಮಾಡಿಕೊಂಡ. ಆ ಪಟ್ಟಿ ಹಿಂದೊಮ್ಮೆ ಲವ್‌ಡೇಯ ಅಡುಗೆಮನೆ ಪರದೆಯಾಗಿತ್ತು. ಹೊಲಿದವಳೂ ಅವಳೇ.

ಹೆಡ್ಲಿ: ನೋಡೇ, ಪಾದ್ರಿಗಳಿಗೆ ಒಂದು ಕಾನೂನು, ನನ್ನ ಹೆಂಡ್ತಿಗೆ ಒಂದು ಕಾನೂನು ಅಂದ್ರೆ ಊರು ಏನನ್ನುತ್ತೆ? ಮೌನ ಕೆಡಿಸಿದೋರು ಯಾರಾದ್ರೂ ಸರಿ, ಎದ್ದು ನಿಲ್ಬೇಕು. ಒಂದು ಋತು ಆಚೆ ಇರ್ಬೇಕು. ನೀನು ಏಳದಿದ್ರೆ ನಾನೇ ನಿನ್ನ ಹೆಸರು ಹೇಳ್ತೀನಿ.

ಲವ್‌ಡೇ: ಹೇಳು. ಹೇಳಿದ ಮರುಕ್ಷಣ ಈ ಬಾಗಿಲಿಗೆ ಬೀಗ ಹಾಕಿ, ಬೀಗದಕೈ ಸಮುದ್ರಕ್ಕೆ ಎಸೀತೀನಿ. ಬರೋ ವರ್ಷ ಜನ ನಿಮ್ಮ ಆಟ ನೋಡೋಕೆ ಬರ್ತಾರಾ ಅಂತ ನಾನೂ ನೋಡ್ತೀನಿ.

ನಾನು: ಅಯ್ಯೋ, ಅದೊಂದು ಮಾಡ್ಬೇಡ ತಾಯಿ! ನಾನು ಬರೋದೇ ಇದಕ್ಕೆ.

ಹೆಡ್ಲಿ: ಪ್ಯಾಸ್ಕೋ!

ನಾನು: ಸುಮ್ನೆ ಯಾಕೆ ಸುಳ್ಳು? ಇಡೀ ಋತು ಆ ಆಟ ಹೊಟ್ಟೆಗಿಳಿದಿದ್ದು ಪೇಸ್ಟಿ ಜೊತೆ ನಂಚ್ಕೊಂಡಿದ್ದಕ್ಕೆ.

ಹೆಡ್ಲಿ: ಬೀಗ ಹಾಕಿದ್ರೆ ಹಾಕಲಿ. ಕ್ಲಬ್ಬು ಹೊಟ್ಟೆಗಿಂತ ದೊಡ್ಡದು.

ಲವ್‌ಡೇ ಒಂದು ಮಾತೂ ಆಡಲಿಲ್ಲ. ಬಟ್ಟಲುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಆಗ ನನಗೆ ಹೆದರಿಕೆಯಾಯಿತು. ಅವಳು ಬೈಯುವಷ್ಟು ಹೊತ್ತು ಊರು ಕ್ಷೇಮ, ಬಾಯಿ ಮುಚ್ಚಿದಳೆಂದರೆ ಬೀಗ ಹುಡುಕುತ್ತಿದ್ದಾಳೆ ಎಂದೇ ಅರ್ಥ. ಇಪ್ಪತ್ತಾರು ವರ್ಷ ನಸುಕಿಗೆದ್ದು ಹಿಟ್ಟು ನಾದಿದವಳನ್ನು ಹೊರಗೆ ಕಳಿಸಲು ಹೊರಟವನು ಅವಳದೇ ಪರದೆ ತೋಳಿಗೆ ಕಟ್ಟಿಕೊಂಡು ನಿಂತಿದ್ದಾನೆ! ನನಗೆ ಅವನ ಮೇಲೆ ನಿಜವಾಗಿಯೂ ಸಿಟ್ಟು ಬಂತು.

ಅಷ್ಟರಲ್ಲಿ ಕಾರುಗಳ ನಡುವಿನಿಂದ ಒಬ್ಬ ಬಂದ. ಬಾಗಿಲಷ್ಟು ಅಗಲದ ಆಸಾಮಿ. ತಲೆ ಒದ್ದೆ, ಮೂಗು ಹಿಂದೆಂದೋ ಮುರಿದು ಪಕ್ಕಕ್ಕೆ ಕೂತಿತ್ತು, ಹೆಗಲಿಗೆ ಚೀಲ. ನೋಡಿದೊಡನೆ ಗುರುತು ಸಿಕ್ಕಿತು. ಆ ಕಿಕ್ ಒದ್ದು ಹಸುಗಳನ್ನು ಚದುರಿಸಿದವನೇ, ಯಾರ್ಕ್‌ಷೈರ್ ತಂಡದ ಹೋಲ್‌ರಾಯ್ಡ್.

ಹೋಲ್‌ರಾಯ್ಡ್: ಅಮ್ಮಾ, ಆ ಎರಡು ಪೇಸ್ಟಿ ಇನ್ನೂ ಇದಾವಾ?

ಲವ್‌ಡೇ (ಬಟ್ಟಲು ಕೆಳಗಿಟ್ಟು): ಇದಾವಪ್ಪಾ. ಆದ್ರೆ ಆರಿ ಹೋಗಿವೆ.

ಹೋಲ್‌ರಾಯ್ಡ್: ಪರವಾಗಿಲ್ಲ. ಬೆಳಕು ಹರಿಯೋಕೆ ಮುಂಚೆ ಬಸ್ಸು ಹತ್ತಿದ್ದು. ನಿಮ್ಮ ಸೀಮೆಯ ಗಡಿ, ಆ ಟೇಮರ್ ನದಿ ದಾಟೋ ಹೊತ್ತಿಗೆ ಹೊಟ್ಟೆ ಬೆನ್ನಿಗಂಟಿತ್ತು.

ಅವಳು ಪೇಸ್ಟಿ ಕಾಗದದಲ್ಲಿಟ್ಟು ಕೊಟ್ಟಳು. ಕರಿಗಡುಬಿನ ದೊಡ್ಡಣ್ಣನ ಹಾಗಿರುವ, ಮಾಂಸ ಆಲೂಗಡ್ಡೆ ತುಂಬಿದ ಪೇಸ್ಟಿ. ನಮ್ಮ ಕಡೆ ಯಾರಿಗೆಂದು ಬೇಯಿಸಿದ್ದೋ ಅವರ ಹೆಸರಿನ ಮೊದಲ ಅಕ್ಷರವನ್ನು ಹಿಟ್ಟಿನಲ್ಲೇ ಮಾಡಿ ಮೂಲೆಗೆ ಅಂಟಿಸುತ್ತಾರೆ. ಹೆಡ್ಲಿ ಬಗ್ಗಿ ನೋಡಿದ.

ಹೆಡ್ಲಿ: ಲವ್‌ಡೇ! ಅದು ನನ್ನ ಪೇಸ್ಟಿ! ನನ್ನ ಅಕ್ಷರ ಇದೆ ಅದರ ಮೇಲೆ!

ಲವ್‌ಡೇ: ಕ್ಲಬ್ಬು ಹೊಟ್ಟೆಗಿಂತ ದೊಡ್ಡದು ಅಂದ್ಯಲ್ಲಾ.

ಹೋಲ್‌ರಾಯ್ಡ್: ನನ್ನ ಹೆಸರಿಗೂ ಇದೇ ಅಕ್ಷರ. ತುಂಬ ಉಪಕಾರ ಅಮ್ಮಾ.

ಅವನು ಒಂದೇ ಗುಕ್ಕಿಗೆ ಅರ್ಧ ಪೇಸ್ಟಿ ಮುಗಿಸಿದ. ಹೆಡ್ಲಿ ಅದನ್ನು ನೋಡಲಾರದೆ ಗಂಟಲು ಸರಿಮಾಡಿಕೊಂಡು, ಹಲಗೆ ಎತ್ತಿ ಹಿಡಿದು, ನ್ಯಾಯಾಧೀಶನ ಹಾಗೆ ನಿಂತ.

ಹೆಡ್ಲಿ: ತಮ್ಮಾ, ನಿನಗೆ ಇವತ್ತು ನಮ್ಮ ಮೈದಾನದಲ್ಲಿ ಅನ್ಯಾಯ ಆಗಿದೆ. ನಾಚಿಕೆಯಿಂದ ಹೇಳ್ತಿದೀನಿ. ಆ ಕೊನೇ ಕಿಕ್ ಹೊತ್ತಲ್ಲಿ ಒಂದು ಸದ್ದು ಕೇಳಿಸ್ತು, ಹೌದೋ ಅಲ್ವೋ?

ಹೋಲ್‌ರಾಯ್ಡ್: ಕೇಳಿಸ್ತು.

ಹೆಡ್ಲಿ: ಆ ಸದ್ದಿಂದಾನೇ ನಿನ್ನ ಗುರಿ ತಪ್ಪಿತು, ಹೌದೋ ಅಲ್ವೋ?

ಹೋಲ್‌ರಾಯ್ಡ್: ಹೌದು ಯಜಮಾನ್ರೇ. ಇಲ್ಲದಿದ್ರೆ ಅಂಥಾ ಕಿಕ್ ಕಣ್ಣು ಮುಚ್ಕೊಂಡು ಹಾಕ್ತಿದ್ದೆ.

ಹೆಡ್ಲಿ: ಕೇಳಿದ್ಯಾ ಲವ್‌ಡೇ? ಪ್ಯಾಸ್ಕೋ, ನೀನೇ ಸಾಕ್ಷಿ. ಇನ್ನೇನು ಬೇಕು?

ಲವ್‌ಡೇಯ ಮುಖ ಸಣ್ಣದಾಯಿತು. ಇಷ್ಟು ಹೊತ್ತು ಬಾಯಿಗೆ ಬಾಯಿ ಕೊಟ್ಟವಳು ಒರೆಸುವ ಬಟ್ಟೆಯನ್ನು ಮಡಿಚಿ ಮಡಿಚಿ ಇಟ್ಟಳು.

ಲವ್‌ಡೇ: ಹಾಗಾದ್ರೆ ತಪ್ಪು ನಂದೇ ಕಣಪ್ಪಾ. ಬೇಕಂತ ಕೂಗಲಿಲ್ಲ. ಊಟದ ಹೊತ್ತಲ್ಲಿ ಎದ್ದು ನಿಂತು ಹೇಳ್ತೀನಿ.

ಹೋಲ್‌ರಾಯ್ಡ್: ಏನು ಹೇಳ್ತೀರಿ? ನೀವೇನು ಮಾಡಿದ್ರಿ?

ಅವನು ಇನ್ನೂ ಏನೋ ಕೇಳುವವನಿದ್ದ. ಆಗ ಲವ್‌ಡೇಯ ಹಿಂದೆ ಟೀ ಹಂಡೆ ಉಕ್ಕಿ, ಮುಚ್ಚಳದ ಸಂದಿನಿಂದ ಶ್ಶ್ಶ್ ಎಂದು ಆವಿ ಬಿಟ್ಟಿತು. ಹೋಲ್‌ರಾಯ್ಡ್‌ನ ತಲೆ ಗಕ್ಕನೆ ಅತ್ತ ತಿರುಗಿತು. ಅಗಿಯುವುದನ್ನೂ ನಿಲ್ಲಿಸಿ ಮೂಗು ಅರಳಿಸಿ ಗಾಳಿ ಹೀರಿದ.

ಹೋಲ್‌ರಾಯ್ಡ್: ಅಮ್ಮಾ, ಒಲೆ ಆರಿಸಿ! ಗ್ಯಾಸ್... ಓ, ಆವಿನಾ? ಕ್ಷಮಿಸಿ. ನೋಡಿ, ಇದೇ ನನ್ನ ಕರ್ಮ.

ನಾನು: ಏನಪ್ಪಾ ಅದು ಕರ್ಮ?

ಹೋಲ್‌ರಾಯ್ಡ್: ನಾನು ಗ್ಯಾಸ್ ಪೈಪು ರಿಪೇರಿ ಮಾಡೋನು. ಎರಡನೇ ದರ್ಜೇಲಿ ಆಡಿ ಯಾರ ಹೊಟ್ಟೆ ತುಂಬುತ್ತೆ ಹೇಳಿ? ಸೋಮವಾರದಿಂದ ಶುಕ್ರವಾರ ಜನರ ಅಡುಗೆಮನೇಲಿ ಮೊಣಕಾಲೂರಿ, ಪೈಪು ಎಲ್ಲಿ ಸೋರ್ತಿದೆ ಅಂತ ಕಿವಿಗೊಟ್ಟು ಕೇಳೋದೇ ಕೆಲಸ. ಶ್ ಅಂತ ಎಲ್ಲಾದ್ರೂ ಕೇಳಿಸಿದ್ರೆ ಸಾಕು, ತಲೆ ತಾನಾಗೇ ಆ ಕಡೆ ತಿರುಗುತ್ತೆ. ಚರ್ಚಲ್ಲೂ ತಿರುಗುತ್ತೆ, ಮದುವೆ ಮನೇಲೂ ತಿರುಗುತ್ತೆ.

ಲವ್‌ಡೇಯ ಕೈ ಬಟ್ಟೆಯ ಮೇಲೇ ನಿಂತಿತು.

ಲವ್‌ಡೇ: ಅಪ್ಪಾ ಮಗನೇ, ನಿನ್ನ ಗುರಿ ತಪ್ಪಿಸಿದ ಸದ್ದು ಯಾವುದು?

ಹೋಲ್‌ರಾಯ್ಡ್: ಅದನ್ನೇ ಹೇಳ್ತಿದೀನಿ. ಮೊದಲು ನಿಮ್ಮ ಕೂಗು ಕೇಳಿಸ್ತು. ಅದರಿಂದ ಜೀವ ಬಂತು. ಪೇಸ್ಟಿ ಉಳಿದಿದೆ, ಬೇಗ ಒದ್ದು ಹೋಗಿ ತಿನ್ನೋಣ ಅಂತ ಖುಷಿಯಾಗಿ ಓಡಿ ಬಂದೆ. ಇನ್ನೇನು ಕಾಲು ಚೆಂಡಿಗೆ ತಗಲ್ಬೇಕು, ಆಗ ಕಂಬದ ಹಿಂದಿಂದ ಬಂತು ನೋಡಿ, ‘ಶ್ಶ್ಶ್ಶ್ಶ್’ ಅಂತ! ದೊಡ್ಡ ಪೈಪು ಒಡೆದ ಹಾಗೆ. ತಲೆ ಆ ಕಡೆ ತಿರುಗ್ತು, ಕಾಲು ಈ ಕಡೆ ಹೋಯ್ತು, ಚೆಂಡು ಹಸುಗಳ ಹತ್ತಿರ ಹೋಯ್ತು.

ನಾನು: ಕಂಬದ ಹಿಂದೆ ಯಾರಿದ್ರು?

ಹೋಲ್‌ರಾಯ್ಡ್: ಮುಖ ನೋಡಲಿಲ್ಲ. ಹಲಗೆ ಹಿಡ್ಕೊಂಡಿದ್ರು.

ಮೂವರೂ ಹಲಗೆಯತ್ತ ನೋಡಿದೆವು. ಹೆಡ್ಲಿ ಅದನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಳ್ಳಲು ಹವಣಿಸಿದ. ಅದು ಅವನಿಗಿಂತ ಎತ್ತರವಾಗಿದ್ದರಿಂದ, ತಲೆಯ ಮೇಲೆ ‘ಸದ್ದು ಮಾಡಬೇಡಿ’ ಎಂಬ ಅಕ್ಷರಗಳು ಎದ್ದು ನಿಂತವು.

ಹೋಲ್‌ರಾಯ್ಡ್‌ಗೆ ಅರ್ಥವಾಯಿತು. ಹುಡುಗ ಒಳ್ಳೆಯವನು. ಉಳಿದ ಪೇಸ್ಟಿ ಬಾಯಿಗೆ ತುರುಕಿಕೊಂಡು, ‘ನಮಗೇನು ನಷ್ಟ ಇಲ್ಲ ಯಜಮಾನ್ರೇ, ಗೆದ್ರೂ ಸೋತ್ರೂ ನಾವು ಅಂಕಪಟ್ಟಿ ಮಧ್ಯದಲ್ಲೇ’ ಎಂದು ಸಮಾಧಾನ ಹೇಳಿ, ಎರಡನೆಯದನ್ನೂ ಕಟ್ಟಿಸಿಕೊಂಡು ಹೊರಟುಹೋದ.

ಲವ್‌ಡೇ: ಹೆಡ್ಲೀ.

ಹೆಡ್ಲಿ: ಏನು?

ಲವ್‌ಡೇ: ಆರು ಗಂಟೆಗೆ ಊಟ ಅಂದ್ಯಲ್ವಾ?

ಹೆಡ್ಲಿ: ನೋಡೇ, ಸ್ವಲ್ಪ ವಿಚಾರ ಮಾಡು. ಶ್ ಅನ್ನೋದು ಸದ್ದಲ್ಲ. ಸದ್ದನ್ನ ತಡೆಯೋ ಸದ್ದು.

ನಾನು: ಪಾದ್ರಿಗಳೂ ಆವತ್ತು ಹಾಗೇ ಅಂದ್ರಲ್ಲ, ಸೀನು ತಮ್ಮದಲ್ಲ, ದೇವರ ಇಚ್ಛೆ ಅಂತ. ನೀನು ಒಪ್ಪಿದ್ಯಾ?

ಹೆಡ್ಲಿ: ನೀನು ಟೀ ಕುಡಿಯೋಕೆ ಬಂದೋನು, ಟೀ ಕುಡಿ!

ನಾನು: ಕೊಟ್ರೆ ತಾನೇ?

ಹೆಡ್ಲಿ: ನಾನು ಯಾಕೆ ಶ್ ಅಂದೆ? ಇವಳು ಕೂಗಿದ್ದಕ್ಕೆ. ಹಾಗಾದ್ರೆ ಮೂಲ ಇವಳೇ.

ಲವ್‌ಡೇ: ನಾನು ಯಾಕೆ ಕೂಗಿದೆ? ಮೈದಾನ ಕಾಣದೇ ಇದ್ದದ್ದಕ್ಕೆ. ಯಾಕೆ ಕಾಣಲಿಲ್ಲ? ನಕ್ಷೆ ತಲೆಕೆಳಗಾಗಿ ಹಿಡಿದಿದ್ದಕ್ಕೆ. ಮೂಲ ಹುಡುಕ್ತೀಯಾ? ಬಾ, ಹುಡುಕೋಣ.

ಬಾರಿನಲ್ಲಿ ಹಾಡು ನಿಂತು ಮೇಜು ಜೋಡಿಸುವ ಸದ್ದು ಶುರುವಾಗಿತ್ತು.

ಲವ್‌ಡೇ: ಇರಲಿ ಬಿಡು. ಗೊತ್ತಿರೋದು ನಮ್ಮ ಮೂರು ಜನಕ್ಕೆ. ಆ ಹುಡುಗ ಬಾಯಿ ಬಿಡೋನಲ್ಲ, ನಾಳೆ ಬೆಳಿಗ್ಗೆಗೆ ಯಾರ್ಕ್‌ಷೈರು ಸೇರ್ತಾನೆ. ಪ್ಯಾಸ್ಕೋ ಬಾಯಿಗೆ ಒಂದು ಬನ್ನು ತುರುಕಿದ್ರೆ ಆಯ್ತು. ಕೂಗಿದ್ದು ನಾನೇ ಅಂತ ಊರೆಲ್ಲ ನಂಬಿದೆ, ನಂಬ್ಕೊಂಡಿರಲಿ. ನಾನೇ ಏಳ್ತೀನಿ.

ಸಿಟ್ಟಿನಿಂದ ಹೇಳಿದಳೋ, ಕನಿಕರದಿಂದ ಹೇಳಿದಳೋ ನನಗೆ ತಿಳಿಯಲಿಲ್ಲ. ಹೆಡ್ಲಿ ಮಾತ್ರ ತೋಳಿಗೆ ಕೈಹಾಕಿ ಹಳದಿ ಪಟ್ಟಿ ಬಿಚ್ಚಿ, ಗೂಡಿನ ಅಂಚಿನ ಮೇಲೆ ಇಟ್ಟ. ಜಂಬಗಾರನಾದರೂ ಕಳ್ಳನಲ್ಲ ನಮ್ಮ ಹೆಡ್ಲಿ.

ಹೆಡ್ಲಿ: ಬೇಡ. ನಾನೇ ಏಳ್ತೀನಿ. ಪಾದ್ರಿಗಳಿಗೂ ಹೇಳಿ ಕಳಿಸು, ಊಟಕ್ಕೆ ಬರಲಿ. ಅವರೆದುರಿಗೇ ಹೇಳ್ಬೇಕು.

ಲವ್‌ಡೇ: ಬರ್ತಾರೆ. ಇಂಥಾ ಸುದ್ದಿಗೆ ಓಡೋಡಿ ಬರ್ತಾರೆ.

ಹೆಡ್ಲಿ: ಆದ್ರೆ ಲವ್‌ಡೇ... ಒಂದು ಋತು ಪೂರ್ತಿ! ಹುಟ್ಟಿದಾಗಿಂದ ನಾನು ಒಂದು ಪಂದ್ಯ ತಪ್ಪಿಸಿದೋನಲ್ಲ. ನಮ್ಮ ಮದುವೆ ದಿನಾನೂ ದ್ವಿತೀಯಾರ್ಧಕ್ಕೆ ಬಂದಿದ್ದೆ.

ಲವ್‌ಡೇ: ಅದು ನನಗೆ ಚೆನ್ನಾಗಿ ನೆನಪಿದೆ. ಅಳ್ಬೇಡ. ಕಾರು ನಿಲ್ಸೋ ಜಾಗ ಮೈದಾನ ಅಲ್ಲ. ಪ್ರತಿ ಶನಿವಾರ ಇಲ್ಲಿ ಬಂದು ಪಾದ್ರಿಗಳ ಪಕ್ಕ ನಿಂತ್ಕೋ. ಅವರು ಸೀನಲಿ, ನೀನು ಶ್ ಅನ್ನು. ಕೈ ಖಾಲಿ ಇದ್ದಾಗ ಬಟ್ಟಲು ತೊಳಿ. ಈಗ್ಲೇ ಶುರುಮಾಡು, ಪ್ಯಾಸ್ಕೋಗೆ ಟೀ ಕೊಡು.

ಕೊನೆಗೂ ನನ್ನ ಟೀ ಬಂತು. ಮೌನಪಾಲಕನ ಕೈಯಿಂದಲೇ ಬಂತು, ಅರ್ಧ ಬಟ್ಟಲಿನಲ್ಲಿ, ಅರ್ಧ ನನ್ನ ತೋಳಿನ ಮೇಲೆ. ಹೆಡ್ಲಿ ನನ್ನ ಪಕ್ಕ ಕಿಟಕಿಗೆ ಆನಿಕೊಂಡು ನಿಂತ. ಕತ್ತು ಎಡಕ್ಕೆ ಚಾಚಿದ, ಬಲಕ್ಕೆ ಚಾಚಿದ, ತುದಿಗಾಲಲ್ಲಿ ನಿಂತ. ಎದುರಿಗೆ ಕಂಡದ್ದು ಡಾಕ್ಟರ ಕಾರಿನ ಹಿಂಭಾಗ.

ಹೆಡ್ಲಿ: ಅಯ್ಯೋ, ಇಲ್ಲಿಂದ ಆಟ ಒಂಚೂರೂ ಕಾಣಲ್ವಲ್ಲೇ!

ಲವ್‌ಡೇ: ಮತ್ತೆ? ಇಪ್ಪತ್ತಾರು ವರ್ಷ ನಾನು ಈ ಕ್ಲಬ್ ಮೇಲೆ ಪ್ರೀತಿ ಇಟ್ಕೊಂಡಿದ್ದು ಹೇಗೆ ಅಂದ್ಕೊಂಡೆ?